ಶಿರಸಿಯವರ ಅಮೆರಿಕ ದಾರಿ ಉತ್ತರಕ್ಕೇಕೆ ಹೋಗುತ್ತದೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ಈಗ ಬೇಕಾದಷ್ಟಿವೆ. ಅಪ್ಪ ಅಮ್ಮ ಮೊದಲ ಸಲ ಹೊರಟಾಗ ಕೇಳುವುದು ಎರಡೇ: ಎಷ್ಟು ದೂರ, ಎಷ್ಟು ಹೊತ್ತು? ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅತಿ ಹತ್ತಿರದ ದಾರಿ ಸುಮಾರು 14,000 ಕಿ.ಮೀ. ಎಲ್ಲೂ ಇಳಿಯದೆ ಹೋದರೆ 16ರಿಂದ 17 ಗಂಟೆ.

ಪೆಸಿಫಿಕ್ ಸಾಗರ ಮಧ್ಯದಲ್ಲಿರುವ ಗೋಡೆಯ ನಕಾಶೆಯ ಮೇಲೆ ಸ್ಕೇಲಿಟ್ಟು ಎರಡೂ ಊರಿಗೆ ಗೆರೆ ಎಳೆಯಿರಿ. ಅದು ಆ ಸಾಗರದ ನಡುವೆ ಹೋಗುತ್ತದೆ. ಹತ್ತಿರದ ದಾರಿ ಅದೇ ಅನ್ನಿಸುತ್ತದೆ, ಅಲ್ವಾ? ಅಲ್ಲ. ಆ ಗೆರೆ ಹಿಡಿದು ಹಾರಿದರೆ ಸುಮಾರು 16,000 ಕಿ.ಮೀ. ಆಗುತ್ತದೆ. ಶಾಲೆಯಲ್ಲಿರುವ ಗ್ಲೋಬ್ ತೆಗೆದುಕೊಳ್ಳಿ. ಎರಡು ಊರುಗಳ ನಡುವೆ ಒಂದು ದಾರ ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಸರಿದು, ಚೀನಾ, ಸೈಬೀರಿಯಾ, ಆರ್ಕ್ಟಿಕ್ ಸಾಗರದ ಅಂಚು, ಅಲಾಸ್ಕಾ ದಾಟಿ ಕೆಳಗಿಳಿಯುತ್ತದೆ. ಭೂಮಿ ದುಂಡಗಿರುವುದನ್ನು ಇಷ್ಟು ಚೆನ್ನಾಗಿ ತೋರಿಸುವ ಪ್ರಯೋಗ ಇನ್ನೊಂದಿಲ್ಲ. ಪ್ರತಿ ಮಗುವೂ ಇದನ್ನು ಕೈಯಾರೆ ಮಾಡಿ ನೋಡಬೇಕು.

ಇನ್ನೊಂದು ಪ್ರಶ್ನೆ ಇದೆ. ಭೂಮಿ ಪೂರ್ವಕ್ಕೆ ತಿರುಗುತ್ತಿದೆ, ಶಿರಸಿಯೇ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಸಾಗುತ್ತಿದೆ. ಹಾಗಿದ್ದರೆ ವಿಮಾನ ಸುಮ್ನೆ ಮೇಲೆ ನಿಂತರೆ ಊರೇ ಹತ್ತಿರ ಬರಬೇಕಲ್ಲ? ಬರುವುದಿಲ್ಲ. ಓಡುವ ಕೊಂಕಣ ರೈಲಿನೊಳಗೆ ಚೆಂಡನ್ನು ಮೇಲಕ್ಕೆ ಎಸೆದರೆ ಅದು ನಿಮ್ಮ ಕೈಗೇ ಬೀಳುತ್ತದೆ. ವಿಮಾನವೂ ಅದರ ಸುತ್ತಲಿನ ಗಾಳಿಯೂ ಹಾಗೆಯೇ ಭೂಮಿಯ ಜೊತೆಗೇ ತಿರುಗುತ್ತಿರುತ್ತವೆ.

ವ್ಯತ್ಯಾಸ ಮಾಡುವುದು ಜೆಟ್ ಸ್ಟ್ರೀಮ್. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಈ ಗಾಳಿ ಕೆಲವೊಮ್ಮೆ ಗಂಟೆಗೆ 200 ಕಿ.ಮೀ. ಮೀರುತ್ತದೆ. ಜಪಾನಿನ ಹವಾಮಾನ ವಿಜ್ಞಾನಿ ವಾಸಬುರೊ ಓಯಿಶಿ 1920ರ ದಶಕದಲ್ಲೇ ಬಲೂನು ಹಾರಿಸಿ ಇದನ್ನು ಅಳೆದಿದ್ದರು. ಜಗತ್ತೆಲ್ಲ ಓದಲಿ ಎಂದು, ಎಲ್ಲ ದೇಶದವರಿಗೂ ಆಗಲೆಂದು ರೂಪಿಸಿದ ಎಸ್ಪೆರಾಂಟೊ ಭಾಷೆಯಲ್ಲಿ ಬರೆದರು, ಓದಿದವರು ಕಡಿಮೆ. ಎಂಥಾ ನಷ್ಟ! ಈ ಗಾಳಿ ಬೆನ್ನಿಗಿದ್ದರೆ ಸಮಯ ಉಳಿಯುತ್ತದೆ, ಎದುರಾದರೆ ಇಂಧನ ಜಾಸ್ತಿ ಸುಡುತ್ತದೆ. ಹಾಗಾಗಿ ಅವತ್ತಿನ ಗಾಳಿ ನೋಡಿಯೇ ದಾರಿ ನಿರ್ಧರಿಸುತ್ತಾರೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ದಾರದ ಗೆರೆ ಬಿಟ್ಟು ಉತ್ತರ ಧ್ರುವದ ಮೇಲಿಂದಲೇ ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಯ ಪೈಲಟ್‌ಗಳು, ಎಲ್ಲರೂ ಮಹಿಳೆಯರು.

ಟಿಕೆಟ್ ನೋಡುವಾಗ ಒಂದು ಎಚ್ಚರ. ಅದರಲ್ಲಿ ಆಯಾ ಊರಿನ ಸಮಯ ಇರುತ್ತದೆ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟು ಹದಿನಾರೂವರೆ ಗಂಟೆ ಹಾರಿದರೂ ಅಲ್ಲಿ ಇಳಿಯುವಾಗ ಅದೇ ಸೋಮವಾರ ಸಂಜೆ 5! ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಆಗ ಅಂತರ ಹನ್ನೆರಡೂವರೆ ಗಂಟೆ. ಇದರ ಮೇಲೆ ಶಿರಸಿಯಿಂದ ಬೆಂಗಳೂರಿಗೆ ಒಂದು ರಾತ್ರಿಯ ಬಸ್ಸು, ಅಲ್ಲಿಂದ ದೇವನಹಳ್ಳಿ, ವಿಮಾನ ಹೊರಡುವ ಮೂರು ತಾಸು ಮುಂಚೆ ಹಾಜರಿ. ಮನೆಯ ಹಿರಿಯರಿಗೆ ಇದನ್ನೂ ಸೇರಿಸಿಯೇ ಲೆಕ್ಕ ಹೇಳಿ.