ಹರಳಿನ ಮುಖಾನೋ, ಒಡೆದ ಸೀಳೋ? ಖನಿಜ ಕೂಡಿಸೋರಿಗೆ ಟಿಪ್ಪಣಿ

ಓದಿದ್ದು ತಲ್ಯಾಗ ಬಿಸಿ ಇರೂದ್ರಾಗ ಬರದಿಡಾಕತ್ತೇನಿ. ಮೋಸ್ ಅನ್ನಾವ ಮಾಡಿದ ಗಡಸುತನದ ಪಟ್ಟಿ, ಏಳು ಹರಳು ಪದ್ಧತಿ (ಹರಳುಗಳ ಏಳು ಗುಂಪು) ಇವೆಲ್ಲ ಪುಸ್ತಕದಾಗ ಚಲೋ ಅದಾವ, ಟಾಲ್ಕ್ 1 ವಜ್ರ 10 ಅಂತ ಬಾಯಿಪಾಠ ಮಾಡ್ಕೊಳ್ರಿ. ಒಂದ ಮಾತು ನೆನಪಿಡ್ರಿ, ಮೋಸ್ ಪಟ್ಟಿ ಬರೇ ಯಾವ್ದು ಯಾವ್ದನ್ನ ಗೀರತೈತಿ ಅನ್ನೂ ಸಾಲು, ಅಳತಿ ಅಲ್ಲ. 9ಕ್ಕೂ 10ಕ್ಕೂ ನಡುವಿನ ಅಂತರ ಕೆಳಗಿನ ಎಲ್ಲಾ ಅಂತರಕ್ಕಿಂತ ಭಾಳ ದೊಡ್ಡದು.

ನಮ್ಮ ಕಡೆ ಚಲೋ ಹರಳು ಯಾಕ ಸಿಗಂಗಿಲ್ಲ

ಹುಬ್ಬಳ್ಳಿ, ಧಾರವಾಡ, ಗದಗ ಎಲ್ಲಾ ಕುಂತಿರೂದು 250 ಕೋಟಿ ವರ್ಷಕ್ಕಿಂತ ಹಳೇ ಕಲ್ಲಿನ ಮ್ಯಾಲೆ, ಒತ್ತಡಕ್ಕ ಸಿಕ್ಕು ಮಡಚಿ ಶಿಸ್ಟ್ ಅನ್ನೂ ಪದರು ಪದರು ಕಲ್ಲು ಆಗ್ಯಾವ. ಹರಳು ಚಂದ ಬೆಳೀಬೇಕಂದ್ರ ಖಾಲಿ ಜಾಗ ಬೇಕು, ಅದ ಇಲ್ಲಿ ಕಡಿಮಿ. ಗದಗ ಕಡೆ ಬೆಣಚುಕಲ್ಲಿನ ನಾಳದಾಗ ಚಿನ್ನ, ಪೈರೈಟ್ ಅದಾವ ಖರೆ, ಆದ್ರ ಕಲ್ಲಿನೊಳಗ ಹುದುಗಿಕೊಂಡಿರ್ತಾವ. ಕಪ್ಪತಗುಡ್ಡಕ್ಕ ಹೋಗಿ ಸುತ್ತಿಗಿ ಎತ್ತೂದು ಮಾತ್ರ ಬ್ಯಾಡ್ರಿ, ಅದು ವನ್ಯಜೀವಿಧಾಮ. ಬೆಳಗಾವಿ ಕಡೆ ಶುರುವಾಗಿ ಪುಣೆ, ನಾಸಿಕ, ಜಳಗಾಂವ್ ತನಕ ಹಾಸಿರೂ ಡೆಕ್ಕನ್ ಟ್ರ್ಯಾಪ್ ಬಸಾಲ್ಟಿನ ಕತಿನ ಬ್ಯಾರೆ. ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾದಾಗ ಗ್ಯಾಸಿನ ಗುಳ್ಳಿ ಉಳದು ಪೊಟರೆ ಆದ್ವು, ಆಮ್ಯಾಲೆ ಖನಿಜ ಕರಗಿದ ನೀರು ಅದರಾಗ ಇಳದು ಸ್ಟಿಲ್ಬೈಟ್, ಹ್ಯೂಲಾಂಡೈಟ್, ಸ್ಕೋಲೆಸೈಟ್, ಅಪೋಫಿಲೈಟ್ ಎಲ್ಲಾ ಬೆಳದ್ವು. ಪುಣೆ ಹತ್ರದ ವಾಘೋಲಿ ಕ್ವಾರಿಯ ನೀಲಿ ಕ್ಯಾವನ್ಸೈಟಿಗೆ ಜಗತ್ತಿನಾಗ ಸರಿಸಾಟಿ ಇಲ್ಲ, ಮೊದಲು ಅದು ಸಿಕ್ಕಿದ್ದು ಅಮೆರಿಕಾದ ಆರೆಗನ್ನಾಗ ಆದ್ರೂನೂ. ಹುಬ್ಬಳ್ಳಿಯಿಂದ ರಾತ್ರಿ ಬಸ್ ಹತ್ತಿದ್ರ ಮುಂಜಾನೆ ಪುಣೆ. ಕಲಿಯಾಕ ನಮಗ ಇದಕ್ಕಿಂತ ಚಲೋ ಜಾಗ ಇಲ್ಲ. ನಾಸಿಕ ಹತ್ರ ಸಿನ್ನರದಾಗ ಗಾರ್ಗೋಟಿ ಖನಿಜ ಮ್ಯೂಸಿಯಂ ಐತಿ, ಕೊಳ್ಳೂ ಮೊದಲು ಅಲ್ಲಿ ಒಂದು ಸುತ್ತು ಹಾಕ್ರಿ, ಚಲೋ ಪೀಸ್ ಅಂದ್ರ ಏನು ಅಂತ ಕಣ್ಣಿಗೆ ರೂಢಿ ಆಗತೈತಿ.

ತಲಿ ತಿಂದ ಹೆಜ್ಜಿ: ಮುಖ ಮತ್ತ ಸೀಳು

ಹರಳಿನ ಮ್ಯಾಲೆ ಎರಡು ನಮೂನಿ ಸಪಾಟು ಜಾಗ ಇರ್ತಾವ. ಒಂದು, ಬೆಳೀವಾಗ ತಾನ ಆದ ಮುಖ. ಇನ್ನೊಂದು, ಪೆಟ್ಟು ಬಿದ್ದಾಗ ಒಡದ ಸೀಳು, ಅಂದ್ರ ಕ್ಲೀವೇಜ್. ಕಟ್ಟಿಗಿ ನಾರಿನ ಗುಂಟ ಸೀಳೂ ಹಂಗ, ಅಣುಗಳ ಬಂಧ ಯಾವ ದಿಕ್ಕಿನ್ಯಾಗ ಸಡಿಲ ಐತಿ ಆ ದಿಕ್ಕಿನ್ಯಾಗ ಹರಳು ಒಡೀತೈತಿ. ಎರಡೂ ಹೊಳೀತಾವ, ಎರಡೂ ಸಪಾಟ. ಆದ್ರ ಕೂಡಿಸೋರ ಲೆಕ್ಕದಾಗ ಮೊದಲಿನದು ಸಂಪತ್ತು, ಎರಡನೇದು ಡ್ಯಾಮೇಜ್. ಅಂಗಡ್ಯಾವ ಎರಡನ್ನೂ "ನ್ಯಾಚುರಲ್ ರೀ" ಅಂತಾನ, ಸುಳ್ಳೂ ಅಲ್ಲ ಬಿಡ್ರಿ ಅದು.

ಪುಸ್ತಕದಾಗ "ಫ್ಲೋರೈಟ್, ಕ್ಯೂಬಿಕ್, ಕ್ಲೀವೇಜ್ ನಾಲ್ಕು ದಿಕ್ಕು" ಅಂತ ಒಂದ ಸಾಲಿನ್ಯಾಗ ಮುಗಿಸಿಬಿಡ್ತಾರ. ಅದನ್ನ ಬಿಡಿಸಿ ನೋಡೂಣು. ಫ್ಲೋರೈಟ್ ಸಾಮಾನ್ಯವಾಗಿ ಬೆಳೆಯೂದು ಘನಾಕಾರದಾಗ, ಆರು ಮುಖ. ಒಡೆಯೂದು ಮಾತ್ರ ಘನದ ಮುಖಕ್ಕ ಸಮಾಂತರ ಅಲ್ಲ, ಘನದ ಎಂಟು ಮೂಲಿ ಕತ್ತರಿಸೂ ದಿಕ್ಕಿನ್ಯಾಗ. ಎದುರುಬದರು ಮೂಲಿಗೆ ಒಂದ ದಿಕ್ಕು, ಅದಕ್ಕ ಎಂಟು ಮೂಲಿಗೆ ನಾಲ್ಕ ದಿಕ್ಕು. ಇದನ್ನ ಕಾಗದದಾಗ ಬರದು ನೋಡೂ ತನಕ ತಲಿಗೆ ಹತ್ತಂಗಿಲ್ಲ, ನನಗಂತೂ ಹತ್ತಲಿಲ್ಲ. ಎಂಟೂ ಮೂಲಿ ಒಡದು ಒಡದು ಒಳಗ ಬಂದ್ರ ಉಳಿಯೂದು ಎಂಟು ತ್ರಿಕೋನ ಮುಖದ ಆಕ್ಟಾಹೆಡ್ರನ್. ಅಂಗಡಿಯೊಳಗ ಬಣ್ಣ ಬಣ್ಣದ ಸಣ್ಣ ಆಕ್ಟಾಹೆಡ್ರನ್ ಫ್ಲೋರೈಟ್ ಸಸ್ತಾ ಸಿಗತಾವಲ್ಲ, ಅವು ಹೆಚ್ಚೂ ಕಡಿಮಿ ಎಲ್ಲಾ ಹಿಂಗ ಒಡದು ಮಾಡಿದ್ವ, ಅಮೆರಿಕಾದ ಇಲಿನಾಯ್ ಗಣಿಯ ಫ್ಲೋರೈಟ್ ಇದಕ್ಕ ಹಳೇ ಹೆಸರು. ಹಂಗಂತ ಆಕ್ಟಾಹೆಡ್ರನ್ ಆಗೇ ಬೆಳೆಯೂ ಫ್ಲೋರೈಟೂ ಅದಾವ್ರೀ, ಆಲ್ಪ್ಸ್ ಪರ್ವತದ ಗುಲಾಬಿ ಫ್ಲೋರೈಟ್, ದಕ್ಷಿಣ ಆಫ್ರಿಕಾದ ರೀಮ್‌ವಾಸ್ಮಾಕಿನ ಹಸಿರು ಫ್ಲೋರೈಟ್. ಅಂದ್ರ ಬರೇ ಆಕಾರ ನೋಡಿ ಹೇಳಾಕ ಬರಂಗಿಲ್ಲ, ಮೇಲ್ಮೈ ನೋಡಬೇಕು.

ಇನ್ನ ನಮ್ಮ ಅಪೋಫಿಲೈಟ್. ಇದು ಟೆಟ್ರಾಗೋನಲ್, ಅಂದ್ರ ಬುಡ ಚೌಕ, ಎತ್ತರದ ಅಳತಿ ಬ್ಯಾರೆ, ಆದ್ರೂ ಕೆಲವು ಪೀಸ್ ಘನದಂಗ ಕಾಣತಾವ, ಕೆಲವು ಮ್ಯಾಲೆ ಚೂಪು ಪಿರಮಿಡ್ ಇರ್ತಾವ. ಕ್ಲೀವೇಜ್ ಒಂದ ದಿಕ್ಕು, ನಿಂತ ಹರಳಿಗೆ ಅಡ್ಡ, ಭಾಳ ಸಲೀಸ ಸೀಳತೈತಿ. ಚೂಪು ತುದಿ ಮುರದ್ರ ಸಪಾಟು ಚೌಕ ತಲಿ ಉಳೀತೈತಿ. ಆದ್ರ ಕೆಲವಕ್ಕ ಸಪಾಟು ತಲಿ ಹುಟ್ಟಿನಿಂದಾನೂ ಇರ್ತೈತಿ! ಮುತ್ತಿನಂಥಾ ಹೊಳಪು ಕಂಡ್ರ ಸೀಳು ಅಂತ ಪುಸ್ತಕದಾಗ ಬರದಿರ್ತಾರ, ಅದು ಸಾಲಂಗಿಲ್ಲ, ಯಾಕಂದ್ರ ಹುಟ್ಟಾ ಸಪಾಟು ಇರೂ ತಲ್ಯಾಗೂ ಒಳಗಿನ ಸಣ್ಣ ಬಿರುಕಿನಿಂದ ಅದ ಮುತ್ತಿನ ಹೊಳಪು ಬರತೈತಿ. ನಾನು ನೋಡೂದು ನಾಲ್ಕು ಮೂಲಿ. ಘನದಂಗ ಕಾಣೂ ಅಪೋಫಿಲೈಟಿಗೆ ಮೂಲಿಮೂಲಿಗೆ ಸಣ್ಣ ತ್ರಿಕೋನ ಮುಖ ಇರ್ತಾವ, ಪಿರಮಿಡಿನ ಉಳಕಿ ಅವು. ನಾಲ್ಕೂ ಮೂಲಿಯೊಳಗ ಅಂಥಾ ತ್ರಿಕೋನ ಹೊಂದಿಕೊಂಡು ಕುಂತಿದ್ರ, ಮ್ಯಾಲಿನ ಸಪಾಟು ಬೆಳದದ್ದು ಅನ್ನಾಕ ಅಡ್ಡಿಯಿಲ್ಲ. ಮೂಲಿ ತಟ್ಟನೆ ಚೂಪಾಗಿ ಮುಗದು, ಮ್ಯಾಲೆ ಮೆಟ್ಟಲದಂಥಾ ಪದರ ಕಂಡ್ರ ಮುರದದ್ದು. ಪಕ್ಕದ ಮುಖಕ್ಕ ಈ ಗೊಂದಲನ ಇಲ್ಲ, ಅವು ಗಾಜಿನಂಗ ಹೊಳೀತಾವ, ಮ್ಯಾಲಿಂದ ಕೆಳಗ ಸಣ್ಣ ಗೆರಿ ಇರ್ತಾವ.

ನನ್ನ ಮೆಚ್ಚಿನ ಉಪಾಯ: ಕತ್ತಲ ಕೋಣಿಯೊಳಗ ಮೊಬೈಲ್ ಟಾರ್ಚ್ ಒಂದ ಕಡಿಂದ ಹಿಡದು ಪೀಸನ್ನ ನಿಧಾನ ತಿರುಗಸ್ರಿ. ಸೀಳಾಗಿದ್ರ ಮ್ಯಾಲೆ ಕೆಳಗ ಇರೂ ಎಲ್ಲಾ ಮೆಟ್ಟಲು ಒಮ್ಮೆಲೆ ಫಳಕ್ ಅಂತಾವ, ಯಾಕಂದ್ರ ಎಲ್ಲಾ ಒಂದಕ್ಕೊಂದು ಸಮಾಂತರ. ಒಳಗಿನ ಬಿರುಕಿನ್ಯಾಗ ಕಾಮನಬಿಲ್ಲಿನ ಬಣ್ಣನೂ ಕಾಣಬಹುದು. ಬೆಳದ ಮುಖದ ಮ್ಯಾಲೆ ಗೆರಿ, ಸಣ್ಣ ದಿಬ್ಬ, ತ್ರಿಕೋನದ್ದೋ ಚೌಕದ್ದೋ ಗುರುತು ಕಾಣತಾವ, ಬೆಳಕು ಅವುಗಳ ಮ್ಯಾಲೆ ಹರದಾಡಿದಂಗ ಹೋಗತೈತಿ. ಇದಕ್ಕಿಂತ ಗಟ್ಟಿ ಪುರಾವೆ ಒಂದೈತಿ, ಆ ಸಪಾಟಿನ ಮ್ಯಾಲೆ ಬ್ಯಾರೆ ಖನಿಜ ಬೆಳದಿದ್ರ, ಉದಾಹರಣಿಗೆ ಒಂದು ಸಣ್ಣ ಸ್ಟಿಲ್ಬೈಟ್ ಬೇರೂರಿ ಕುಂತಿದ್ರ, ಆ ಮೇಲ್ಮೈ ಪೊಟರೆಯೊಳಗಿದ್ದಾಗಿಂದಾನೂ ಹಂಗ ಇತ್ತು ಅಂತ, ಕ್ವಾರಿಯವರ ಸುತ್ತಿಗಿ ಪೆಟ್ಟಂತೂ ಅಲ್ಲ. ಆದ್ರ ಅಂಟಿಸಿದ್ದಲ್ಲ ಅಂತ ಬುಡ ನೋಡ್ಕೋರಿ, ಯುವಿ ಟಾರ್ಚಿಗೆ ಕೆಲವು ಅಂಟು ಬೆಳಗತಾವ.

ತಲಿ ಕೆಡಸೂ ಕೊನೇ ಗುಂಪು, ಮುಖಾನೂ ಸೀಳೂ ಒಂದ ದಿಕ್ಕಿನ್ಯಾಗಿರೂವು. ಗ್ಯಾಲೀನಾ ಘನದಾಗ ಬೆಳದು ಘನದಾಗ ಒಡೀತೈತಿ. ಕೊಲರಾಡೋದ ಸ್ವೀಟ್ ಹೋಮ್ ಗಣಿಯ ಕೆಂಪು ರೋಡೋಕ್ರೋಸೈಟ್ ರಾಂಬ್ ಆಕಾರದಾಗ, ಅಂದ್ರ ಓರೆ ಆದ ಘನದಂಗ ಬೆಳದು ಅದ ರಾಂಬಿನ ಗುಂಟ ಸೀಳತೈತಿ. ಡೆನ್ವರ್ ಮ್ಯೂಸಿಯಮ್ಮಿನ "ಆಲ್ಮಾ ಕಿಂಗ್" ಅನ್ನೂ ಹೆಸರಾದ ರೋಡೋಕ್ರೋಸೈಟ್ ಆ ಗಣಿದ. ಇಂಥಾದಕ್ಕ ಆಕಾರ, ಕೋನ ಏನೂ ಸಹಾಯ ಮಾಡಂಗಿಲ್ಲ, ಟಾರ್ಚ್ ಒಂದ ಗತಿ.

ಬೆಣಚುಕಲ್ಲಿಗೆ ಕಂಪಾಸ್ ಪೆಟ್ಟಿಗಿ

ಕ್ವಾರ್ಟ್ಜಿಗೆ, ಅಂದ್ರ ಬೆಣಚುಕಲ್ಲಿಗೆ, ಹೇಳಿಕೊಳ್ಳೂ ಅಂಥಾ ಸೀಳಿಲ್ಲ, ಚಿಪ್ಪಿನಂಗ ಒಡೀತೈತಿ. ಅಲ್ಲಿ ಮೋಸ ಬ್ಯಾರೆ, ಮಷೀನಿನ್ಯಾಗ ಉಜ್ಜಿ ಮುಖ ಮಾಡಿದ "ಟವರ್". ಡೆನ್ಮಾರ್ಕಿನ ವಿಜ್ಞಾನಿ ಸ್ಟೆನೋ 1669ರಾಗ ಹೇಳಿದ್ದು ಇಲ್ಲಿ ಉಪಯೋಗಕ್ಕ ಬರತೈತಿ, ಹರಳು ಸಣ್ಣದಿರ್ಲಿ ದೊಡ್ಡದಿರ್ಲಿ, ಸೊಟ್ಟ ಬೆಳೀಲಿ, ಅದ ಖನಿಜದ ಅದ ಮುಖಗಳ ನಡುವಿನ ಕೋನ ಬದಲಾಗಂಗಿಲ್ಲ. ಕ್ವಾರ್ಟ್ಜಿನ ಪಕ್ಕದ ಮುಖಗಳ ನಡುವ 120 ಡಿಗ್ರಿ, ಪಕ್ಕದ ಮುಖಕ್ಕೂ ತುದಿಯ ಓರೆ ಮುಖಕ್ಕೂ ನಡುವ ಸುಮಾರು 142. ದಪ್ಪ ಕಾಗದದಾಗ ಆ ಕೋನ ಕತ್ತರಿಸಿ ಅಂಚಿಗೆ ಹಿಡದು ನೋಡ್ರಿ, ಅಂಚಿಗೆ ನೆಟ್ಟಗ ಅಡ್ಡ ಹಿಡೀಬೇಕು, ಓರೆ ಹಿಡದ್ರ ಕೋನ ತಪ್ಪತೈತಿ. ಉಜ್ಜಿದ್ದು 120ಕ್ಕ ಹೊಂದಿದ್ರೂ ತುದ್ಯಾಗ ಸಿಕ್ಕಿಬೀಳತೈತಿ. ಪಕ್ಕದ ಮುಖದ ಮ್ಯಾಲೆ ಅಡ್ಡ ಗೆರಿ ಇದ್ರ ಇನ್ನೂ ಚಲೋ. ಟೂರ್ಮಲೀನಿಗೆ ಉದ್ದ ಗೆರಿ, ಕ್ವಾರ್ಟ್ಜಿಗೆ ಅಡ್ಡ ಗೆರಿ.

ಉಳದದ್ದು ಲಗೂ ಲಗೂ

ಬುಡದಾಗ ಬಿಳಿ, ತುದ್ಯಾಗ ಸುಟ್ಟ ಕಿತ್ತಳಿ ಬಣ್ಣದ "ಸಿಟ್ರೀನ್" ಸಾಮಾನ್ಯವಾಗಿ ಬ್ರೆಜಿಲ್ಲಿನ ಅಮೆಥಿಸ್ಟ್ ಕಾಸಿ ಮಾಡಿದ್ದು. ಅಮೆಥಿಸ್ಟ್ ಕಿಟಕ್ಯಾಗ ಇಟ್ರ ಬಣ್ಣ ಇಳೀತೈತಿ, ರಿಯಾಲ್ಗರ್ ಬೆಳಕಿಗೆ ಹಳದಿ ಪುಡಿ ಆಗತೈತಿ, ಅದರಾಗ ಆರ್ಸೆನಿಕ್ ಐತಿ, ಮುಟ್ಟಿದ ಮ್ಯಾಲೆ ಕೈ ತೊಳೀರಿ. ಹ್ಯಾಲೈಟಿಗೆ ನೀರು ತಾಗಸಬ್ಯಾಡ್ರಿ, ಉಪ್ಪು ಅದು. ಧಾರವಾಡದ ಜಿಟಿಜಿಟಿ ಮಳಿಗಾಲದಾಗ ಪೈರೈಟಿನಂಥಾ ಮಾರ್ಕಸೈಟ್ ಕೊಳೆತು ಪುಡಿ ಆಗತೈತಿ, ಡಬ್ಬ್ಯಾಗ ಸಿಲಿಕಾ ಜೆಲ್ ಇಡ್ರಿ. ಸ್ಪೇನಿನ ನವಾಹುನ್ ಪೈರೈಟ್ ಘನ ಅದಕ್ಕಿಂತ ತಡೀತಾವ, ಮಷೀನಿನ್ಯಾಗ ಕತ್ತರಿಸಿದಂಗ ಕಾಣತಾವ, ಆದ್ರ ಹಂಗ ಬೆಳದದ್ದು.

ಸೈಜಿಗೆ ಹೆಸರು: ಒಂದಿಂಚಿನ ಘನದಾಗ ಹಿಡಿಯೂದು ಥಂಬ್‌ನೇಲ್, ಎರಡಿಂಚಿನಾಗ ಹಿಡಿಯೂದು ಮಿನಿಯೇಚರ್, ಮ್ಯಾಲಿಂದು ಕ್ಯಾಬಿನೆಟ್. ರೊಕ್ಕ ಕಡಿಮಿ ಇದ್ರ ಥಂಬ್‌ನೇಲಿನಿಂದ ಶುರು ಮಾಡ್ರಿ, ಸಣ್ಣ ಹರಳು ಹಾನಿ ಇಲ್ಲದ ಸಿಗೂದು ಹೆಚ್ಚು.

ಲೇಬಲ್ ಇಲ್ಲದ ಪೀಸ್ ನಾನಂತೂ ಕೊಳ್ಳಂಗಿಲ್ಲ. "ಅಜುರೈಟ್, ಆಫ್ರಿಕಾ" ಅಂದ್ರ ಏನೂ ಹೇಳಿದಂಗಲ್ಲ. "ಅಜುರೈಟ್, ತ್ಸುಮೆಬ್ ಗಣಿ, ನಮೀಬಿಯಾ" ಅಂದ್ರ 1996ರಾಗ ಮುಚ್ಚಿದ ಗಣಿ ಅಂತ ಗೊತ್ತಾಗತೈತಿ, ರೇಟು ಯಾಕ ಹೆಚ್ಚು ಅನ್ನೂದೂ ತಿಳೀತೈತಿ. ಖನಿಜದ ಹೆಸರು, ಗಣಿ ಇಲ್ಲಾ ಕ್ವಾರಿ, ಜಿಲ್ಲಾ, ದೇಶ, ಯಾರ ಕಡಿಂದ ಬಂತು, ಇಷ್ಟು ಬರೀರಿ. ಹಳೇ ಲೇಬಲ್ ಇದ್ರ ಒಗೀಬ್ಯಾಡ್ರಿ, ನಿಮ್ಮದನ್ನ ಅದರ ಜೋಡಿ ಇಡ್ರಿ. ಪೀಸಿನ ಬುಡಕ್ಕ ಸಣ್ಣ ನಂಬರ್ ಅಂಟಿಸಿ ಅದ ನಂಬರ್ ಲೇಬಲ್ಲಿನ ಮ್ಯಾಲೂ ಹಾಕ್ರಿ. ಮುರದ ತುದಿ, ರಿಪೇರಿ, ಅಂಟು ಏನಿದ್ರೂ ಅದರಾಗ ಬರದಿಡ್ರಿ, ನಾಳೆ ಮಾರೂದಿದ್ರೂ ಬದಲಾಯಿಸಿಕೊಳ್ಳೂದಿದ್ರೂ ಎದುರಿನವರಿಗೆ ಮೊದಲ ಗೊತ್ತಾಗಿರ್ಲಿ.