ಎಸ್‌ಆರ್ ಸೊನ್ನೆ ಎಲ್ಲಿ ಹೋಯ್ತು?

ಅಕ್ಕನ ಮದುವೆಯ ಡಿವಿಡಿ ಹತ್ತು ಹದಿನೈದು ವರ್ಷ ಅಮ್ಮನ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಮಲಗಿತ್ತು. ಹಬ್ಬಕ್ಕೆ ಸೀರೆ ತೆಗೆಯುವಾಗ ಕೈಗೆ ಸಿಕ್ಕಿತು. "ಹಾಕೋ, ನೋಡೋಣ" ಅಂದಳು ಅಮ್ಮ. ನಮ್ಮ ಮನೆಯಲ್ಲಿ ಡಿವಿಡಿ ಡ್ರೈವ್ ಉಳಿದಿರುವುದು ನನ್ನ ಹಳೇ ಡೆಸ್ಕ್‌ಟಾಪಿನಲ್ಲಿ ಮಾತ್ರ. ಅದರಲ್ಲಿರುವುದು ಉಬುಂಟು, ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್ ಜಾತಿಯ ಕಾರ್ಯಾಚರಣಾ ವ್ಯವಸ್ಥೆ. ಗುಂಡಿ ಒತ್ತಿದೆ, ಟ್ರೇ ಬಂತು, ಡಿಸ್ಕ್ ಇಟ್ಟೆ, ಒಳಗೆ ಹೋಯ್ತು. ಅಷ್ಟೇ. ಫೈಲ್ ಮ್ಯಾನೇಜರಿನಲ್ಲಿ ಡಿವಿಡಿಯ ಸುಳಿವೇ ಇಲ್ಲ.

ಹಿಂದಿನ ಭಾನುವಾರವಷ್ಟೇ ಉಬುಂಟು ಅಪ್‌ಗ್ರೇಡ್ ಮಾಡಿದ್ದೆ. ಇನ್ನೇನು, ಬೈಯಲು ಆಸಾಮಿ ಸಿಕ್ಕಾಯಿತು. ಅದೇ ಭಾನುವಾರ ಕ್ಯಾಬಿನೆಟ್ ಬಿಚ್ಚಿ ಹೊಸ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿನ ಕೆಲಸ ಮಾಡುವ ಚಿಪ್ಪು) ಕೂರಿಸಿದ್ದು ಆಗ ನೆನಪಿಗೇ ಬರಲಿಲ್ಲ.

ಟ್ರೇ ಬಂತಲ್ಲ, ಡ್ರೈವ್ ಸರಿಯಾಗಿಯೇ ಇರಬೇಕು ಅನ್ನಿಸುವುದು ಸಹಜ. ಆದರೆ ಗುಂಡಿ, ಟ್ರೇ, ಅದರ ಮೋಟಾರು ಎಲ್ಲ ಡ್ರೈವಿನದೇ ಸ್ವಂತ ಸಂಸಾರ. ಕರೆಂಟ್ ಬಂದರೆ ಸಾಕು, ಕಂಪ್ಯೂಟರಿನ ಅಪ್ಪಣೆ ಬೇಕಿಲ್ಲ. ಡ್ರೈವಿನ ಬೆನ್ನಿಗೆ ಎರಡು ಕೇಬಲ್ ಇರುತ್ತವೆ: 15 ಪಿನ್ನಿನದು ಕರೆಂಟಿಗೆ, 7 ಪಿನ್ನಿನದು ಮಾಹಿತಿಗೆ. ಟ್ರೇ ತೆರೆದರೆ ಮೊದಲನೆಯದು ಸರಿಯಿದೆ ಎಂದಷ್ಟೇ ಅರ್ಥ. ಎರಡನೆಯದನ್ನು ಕಿತ್ತಿಟ್ಟರೂ ಟ್ರೇ ಹೀಗೆಯೇ ಹೋಗಿ ಬಂದು ಮಾಡುತ್ತದೆ.

ಡ್ರೈವೇ ಕಾಣದಿರುವುದು ಬೇರೆ, ಡ್ರೈವ್ ಕಂಡೂ ಡಿಸ್ಕ್ ಓದದಿರುವುದು ಬೇರೆ. ಇವೆರಡನ್ನೂ ಕಲಸಿಕೊಂಡರೆ ಇಡೀ ದಿನ ಹಾಳು. ಟರ್ಮಿನಲ್ಲಿನಲ್ಲಿ, ಅಂದರೆ ಆಜ್ಞೆ ಟೈಪಿಸುವ ಕಿಟಕಿಯಲ್ಲಿ, ಎಲ್‌ಎಸ್‌ಬಿಎಲ್‌ಕೆ (lsblk) ಎಂದು ಕೊಟ್ಟು ನೋಡಿ. ಪಟ್ಟಿಯಲ್ಲಿ 'ಎಸ್‌ಆರ್0' (sr0) ಎಂಬ ಸಾಲಿದ್ದರೆ ಲಿನಕ್ಸಿಗೆ ಡ್ರೈವಿನ ಪರಿಚಯವಾಗಿದೆ, ತಕರಾರು ಡಿಸ್ಕಿನದೋ ಲೆನ್ಸಿನದೋ. ಒಂದು ತಮಾಷೆ: ಡ್ರೈವ್ ಖಾಲಿಯಿದ್ದರೂ ಆ ಸಾಲಿನಲ್ಲಿ 1024 ಎಂಬಿ ಎಂದು ಬರುವುದುಂಟು. ಗಾತ್ರ ಗೊತ್ತಾಗದಿದ್ದಾಗ ಲಿನಕ್ಸಿನ ತಿರುಳಾದ ಕರ್ನೆಲ್ ಸುಮ್ಮನೆ ಹಾಕಿಕೊಳ್ಳುವ ಅಂಕಿ ಅದು, ಡಿಸ್ಕ್ ಸಿಕ್ಕಿದೆ ಎಂದು ಹಿಗ್ಗಬೇಡಿ. ನನ್ನ ಪಟ್ಟಿಯಲ್ಲಂತೂ ಎಸ್‌ಆರ್ ಸೊನ್ನೆಯೇ ಇರಲಿಲ್ಲ.

ಆ ಹೆಸರಿನ 'ಎಸ್' ಸ್ಕಸಿಯದು, 'ಆರ್' ರೋಮ್‌ನದು (ROM), ಅಂದರೆ ಸಿಡಿ-ರೋಮ್‌ನದು. ಸ್ಕಸಿ ಎಂಬುದು ದೊಡ್ಡ ಯಂತ್ರಗಳ ಹಳೇ ಭಾಷೆ. 1990ರ ದಶಕದಲ್ಲಿ ಸಿಡಿ ಡ್ರೈವ್ ಮನೆ ಕಂಪ್ಯೂಟರಿಗೆ ಬಂದಾಗ ಅದೇ ಭಾಷೆಯ ಆಜ್ಞೆಗಳನ್ನು ಪೊಟ್ಟಣ ಕಟ್ಟಿ ಹಾರ್ಡ್‌ಡಿಸ್ಕಿನ ಅಗ್ಗದ ಕೇಬಲ್ಲಿನಲ್ಲಿ ಕಳಿಸುವ ವ್ಯವಸ್ಥೆಯಾಯಿತು. ಅದೇ ಅಟಾಪಿ. ಈಗಲೂ ಲಿನಕ್ಸ್ ಬೂಟ್ ಆಗುವಾಗ ಡ್ರೈವಿಗೆ 'ಇನ್‌ಕ್ವೈರಿ' ಎಂಬ ಆಜ್ಞೆ ಕಳಿಸುತ್ತದೆ. ಉತ್ತರ 36 ಬೈಟು. ಮೊದಲ ಬೈಟಿನಲ್ಲಿ 5 ಎಂಬ ಅಂಕಿ ಇದ್ದರೆ 'ನಾನು ಸಿಡಿ ಜಾತಿ' ಎಂದರ್ಥ. ಆಮೇಲೆ 8 ಅಕ್ಷರಗಳಲ್ಲಿ ಕಂಪನಿಯ ಹೆಸರು, 16ರಲ್ಲಿ ಮಾಡೆಲ್, 4ರಲ್ಲಿ ಆವೃತ್ತಿ. ಈ ಉತ್ತರ ಬಂದ ಮೇಲೆಯೇ ಎಸ್‌ಆರ್ ಸೊನ್ನೆ ಹುಟ್ಟುವುದು.

ಆದರೆ ಮಾತಿಗೆ ಮುಂಚೆ ಒಂದು ಮಿಸ್ಡ್ ಕಾಲ್ ಶಾಸ್ತ್ರವಿದೆ. ಸಾಟಾ ತಂತಿಯಲ್ಲಿ, ಅಂದರೆ ಆ 7 ಪಿನ್ನಿನ ಮಾಹಿತಿ ಕೇಬಲ್ಲಿನಲ್ಲಿ, ಕಂಪ್ಯೂಟರ್ ಕಡೆಯಿಂದ ಬಿಟ್ಟು ಬಿಟ್ಟು ಕೆಲವು ಮಿಡಿತ ಹೋಗುತ್ತದೆ. ಆ ತುದಿಯಲ್ಲಿ ಯಾರಾದರೂ ಇದ್ದರೆ ಅವರೂ ಹಾಗೆಯೇ ಮಿಡಿಯಬೇಕು. ಇದರ ಫಲಿತಾಂಶ ಕರ್ನೆಲ್ಲಿನ ದಿನಚರಿಯಲ್ಲಿ ದಾಖಲಾಗುತ್ತದೆ. ಸೂಡೋ ಜೊತೆಗೆ ಡಿಎಂಇಎಸ್‌ಜಿ ಆಜ್ಞೆ (sudo dmesg) ಕೊಟ್ಟು, 'ಎಸ್‌ಸ್ಟೇಟಸ್' (SStatus) ಎಂಬ ಪದ ಹುಡುಕಿ. ನನ್ನ ಹಾರ್ಡ್‌ಡಿಸ್ಕಿನ ಮುಂದೆ 133 ಎಂದಿತ್ತು. ಕೊನೆಯ 3 ಅಂದರೆ ಆ ಕಡೆ ಯಾರೋ ಇದ್ದಾರೆ, ಮಾತು ಕುದುರಿದೆ. ನಡುವಿನ ಅಂಕಿ ವೇಗ: 3 ಇದ್ದರೆ ಸೆಕೆಂಡಿಗೆ 6 ಗಿಗಾಬಿಟ್, 1 ಇದ್ದರೆ ಒಂದೂವರೆ. ಮೊದಲ 1 ಅಂದರೆ ಎಚ್ಚರವಾಗಿದೆ, ನಿದ್ದೆಯಲ್ಲಿಲ್ಲ. ಡಿವಿಡಿ ಡ್ರೈವಿಗೆ ಸಾಮಾನ್ಯವಾಗಿ 113 ಬರಬೇಕು. ಡಿವಿಡಿ ಡ್ರೈವಿನ ಕೇಬಲ್ ಚುಚ್ಚಿದ್ದ ಐದನೇ ಪೋರ್ಟಿನ ಮುಂದೆ ನನಗೆ ಕಂಡದ್ದು ಬರೀ 0, ಜೊತೆಗೆ 'ಲಿಂಕ್ ಡೌನ್'.

ಉಬುಂಟುವಿನ ಮೇಲಿನ ಕೇಸು ಅಲ್ಲಿಗೇ ವಜಾ. 113 ಇದ್ದೂ ಎಸ್‌ಆರ್ ಸೊನ್ನೆ ಇಲ್ಲದಿದ್ದರೆ 'ಎಸ್‌ಆರ್ ಅಂಡರ್‌ಸ್ಕೋರ್ ಮಾಡ್' (sr_mod) ಎಂಬ ಮಾಡ್ಯೂಲ್, ಅಂದರೆ ಸಿಡಿ, ಡಿವಿಡಿ ಡ್ರೈವ್ ನೋಡಿಕೊಳ್ಳುವ ಕರ್ನೆಲ್ಲಿನ ತುಣುಕು, ಲೋಡ್ ಆಗಿದೆಯೇ ಎಂದು ನೋಡಬಹುದಿತ್ತು. ಇಲ್ಲಿ ತಂತಿಯ ಆ ತುದಿಯಿಂದ ಮಿಡಿತವೇ ಇಲ್ಲ. ತಂತ್ರಾಂಶ ಎಷ್ಟು ಒಳ್ಳೆಯದಾದರೂ ಏನು ಮಾಡೀತು? ಕೇಬಲ್ ಬದಲಿಸಿದೆ. ಅದೇ ಸೊನ್ನೆ. ಆಮೇಲೆ ಮದರ್‌ಬೋರ್ಡಿನ ಕೈಪಿಡಿ ಹುಡುಕಿ ಧೂಳು ಕೊಡವಿದೆ. ಚಿಕ್ಕ ಅಕ್ಷರದ ಒಂದು ಅಡಿಟಿಪ್ಪಣಿ: ಎಂ.2 ಸ್ಲಾಟಿಗೆ (ಬೋರ್ಡಿನ ಮೇಲೇ ಎಸ್‌ಎಸ್‌ಡಿ ಕೂರಿಸುವ ಜಾಗ) ಸಾಟಾ ಎಸ್‌ಎಸ್‌ಡಿ ಹಾಕಿದರೆ ಒಂದು ಸಾಟಾ ಪೋರ್ಟ್ ಕೆಲಸ ಮಾಡುವುದಿಲ್ಲ. ಭಾನುವಾರ ನಾನು ಕೂರಿಸಿದ್ದು ಅಂಥದ್ದೇ. ಬೋರ್ಡಿನ ಸಂಚಾರ ನೋಡಿಕೊಳ್ಳುವ ಚಿಪ್‌ಸೆಟ್ಟಿನಿಂದ ಹೊರಡುವ ವೇಗದ ದಾರಿಗಳು ಎಣಿಸಿಟ್ಟಷ್ಟು. ಅದಕ್ಕೇ ಬಹಳಷ್ಟು ಬೋರ್ಡುಗಳಲ್ಲಿ ಒಂದೇ ದಾರಿಗೆ ಎರಡು ಬಾಗಿಲು ಇಟ್ಟಿರುತ್ತಾರೆ, ಒಂದು ತೆರೆದರೆ ಇನ್ನೊಂದು ಮುಚ್ಚುತ್ತದೆ. ಡ್ರೈವಿನ ಕೇಬಲನ್ನು ಪಕ್ಕದ ಪೋರ್ಟಿಗೆ ಚುಚ್ಚಿದೆ (ಲಿನಕ್ಸ್ ಒಂದರಿಂದ ಎಣಿಸುತ್ತದೆ, ಬೋರ್ಡಿನ ಮೇಲೆ ಸೊನ್ನೆಯಿಂದ ಅಚ್ಚಾಗಿರುವುದೂ ಉಂಟು, ಎಚ್ಚರ). 113 ಬಂತು, ಎಸ್‌ಆರ್ ಸೊನ್ನೆಯೂ ಬಂತು.

ಮದುವೆ ಮಾತ್ರ ಬರಲಿಲ್ಲ. ಡಿಸ್ಕ್ ಗರಗರ ಸುತ್ತಿ ನಿಲ್ಲುತ್ತಿತ್ತು. ಪರೀಕ್ಷೆಗೆಂದು ಹಾಕಿದ ಹಳೇ ಭಾವಗೀತೆಯ ಸಿಡಿ ಸಲೀಸಾಗಿ ಹಾಡಿತು. ಸಿಡಿ ಓದಲು 780 ನ್ಯಾನೋಮೀಟರಿನ ಲೇಸರ್, ಡಿವಿಡಿಗೆ 650ರ ಕೆಂಪು. ಎರಡೂ ಒಂದೇ ಡ್ರೈವಿನಲ್ಲಿದ್ದರೂ ಬೆಳಕಿನ ಮೂಲ ಬೇರೆ, ಒಂದು ಸೊರಗಿದರೂ ಇನ್ನೊಂದು ಗಟ್ಟಿಯಿರಬಹುದು. ಇನ್ನೊಂದು ಸಾಧ್ಯತೆ ಧೂಳು. ಸಿಡಿಯ ಸುರುಳಿಯಲ್ಲಿ ಸುತ್ತಿನಿಂದ ಸುತ್ತಿಗೆ 1.6 ಮೈಕ್ರಾನ್ ಅಂತರ, ಡಿವಿಡಿಯಲ್ಲಿ 0.74. ಸಿಡಿ ಸಹಿಸಿಕೊಳ್ಳುವ ಮಂಜನ್ನು ಡಿವಿಡಿ ಸಹಿಸುವುದಿಲ್ಲ. ಡ್ರೈವ್ ಬಿಚ್ಚಿ, ಹತ್ತಿಯ ತುದಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಲೆನ್ಸ್ ಒರೆಸಿದೆ. ಮೆಲ್ಲಗೆ, ಕಾಡಿಗೆ ಹಚ್ಚುವಷ್ಟು ಮೆಲ್ಲಗೆ. ಆ ಲೆನ್ಸ್ ಕೂದಲಿನಂಥ ತಂತಿಗಳ ಮೇಲೆ ತೂಗಾಡುತ್ತಿರುತ್ತದೆ.

ಈ ಸಲ ಓದಿತು, ಬಿಕ್ಕಳಿಸುತ್ತ. ಪ್ಲೇಯರಿನಲ್ಲಿ ನೋಡುವ ಗೋಜಿಗೆ ಹೋಗದೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ನಕಲು ತೆಗೆಯಲು ಬಿಟ್ಟೆ. ಸಲೀಸಾಗಿ ಸಿಕ್ಕುವುದನ್ನು ಮೊದಲು ಎತ್ತಿಕೊಂಡು, ಕಷ್ಟದ ಜಾಗಕ್ಕೆ ಆಮೇಲೆ ಮತ್ತೆ ಮತ್ತೆ ಬರುವ ಜಾಣ ಅದು. ರಾತ್ರಿಯ ಹೊತ್ತಿಗೆ ಕೊನೆಯ ಕೆಲವು ನಿಮಿಷ ಬಿಟ್ಟು ಎಲ್ಲ ಬಂದಿತ್ತು. ಡಿಸ್ಕಿನಲ್ಲಿ ಬರಹ ಶುರುವಾಗುವುದು ನಡುವಿನ ತೂತಿನ ಕಡೆಯಿಂದ, ಮುಗಿಯುವುದು ಅಂಚಿನಲ್ಲಿ. ಎಲ್ಲರ ಬೆರಳೂ ತಾಗುವುದು ಆ ಅಂಚಿಗೇ. ಹಾಗಾಗಿ ವರಪೂಜೆ, ಧಾರೆ, ಊಟದ ಪಂಕ್ತಿ ಎಲ್ಲ ಉಳಿದವು, ಅಕ್ಕನನ್ನು ಕಾರು ಹತ್ತಿಸುವ ಹೊತ್ತಿಗೆ ಚಿತ್ರ ಚೌಕಚೌಕವಾಗಿ ಒಡೆದು ನಿಂತಿತು.

"ಹೋಗ್ಲಿ ಬಿಡು" ಅಂದಳು ಅಮ್ಮ. "ಅಲ್ಲಿಂದಾಚೆ ನಾನು ಬರೀ ಅಳ್ತಿದ್ದೆ. ಆ ಊಟದ ಪಂಕ್ತಿ ಇನ್ನೊಂದ್ಸಲ ಹಾಕು, ನಿಮ್ಮ ಸೋದರತ್ತೆ ಯಾರ ಪಕ್ಕ ಕೂತಿದ್ಳು ನೋಡ್ಬೇಕು."