‘ಫಿಟ್ ಇಲ್ಲ’ ಎಂದು ಬರೆದಿಟ್ಟರೆ ಸಾಕೇ?

ಪ್ರಶ್ನೆ: ನಮ್ಮದು ಜಿರ್ಕೋನಿಯಾ ಎಂಬ ಸೆರಾಮಿಕ್‌ನಿಂದ ಕ್ರೌನ್ (ಹಲ್ಲಿಗೆ ಹಾಕುವ ಕವಚ) ಮಿಲ್ಲಿಂಗ್ ಮಾಡುವ, ಅಂದರೆ ಯಂತ್ರದಲ್ಲಿ ಕೊರೆಯುವ, ಸಣ್ಣ ಡೆಂಟಲ್ ಲ್ಯಾಬ್. ವಾಪಸ್ ಬಂದ ಪ್ರತಿಯೊಂದು ಕೆಲಸವನ್ನೂ ಕಾರಣದ ಸಮೇತ ರಿಜಿಸ್ಟರ್‌ನಲ್ಲಿ ಬರೆದಿಡುತ್ತೇವೆ. ಆದರೂ ರೀಮೇಕ್ (ಮತ್ತೆ ಮಾಡಿಕೊಡಬೇಕಾದ ಕೆಲಸ) ಕಡಿಮೆಯಾಗುತ್ತಿಲ್ಲ. ಎಲ್ಲಿ ಎಡವುತ್ತಿದ್ದೇವೆ?

ಉತ್ತರ: ರಿಜಿಸ್ಟರ್‌ನ ಕಾರಣದ ಕಾಲಂ ಒಮ್ಮೆ ಓದಿ ನೋಡಿ. ‘ಫಿಟ್ ಇಲ್ಲ’, ‘ಬೈಟ್ ಹೈ’ (ಕಚ್ಚಿದಾಗ ಎತ್ತರ), ‘ಕಾಂಟ್ಯಾಕ್ಟ್ ಓಪನ್’ (ಪಕ್ಕದ ಹಲ್ಲಿಗೆ ತಾಗುತ್ತಿಲ್ಲ) ಎಂಬ ಮಾತುಗಳೇ ತುಂಬಿರುತ್ತವೆ. ಇವೆಲ್ಲ ಡಾಕ್ಟರು ಹೇಳಿದ ದೂರುಗಳು. ಒಂದೇ ‘ಫಿಟ್ ಇಲ್ಲ’ದ ಹಿಂದೆ ಎಳೆದುಹೋದ ಇಂಪ್ರೆಷನ್ (ಹಲ್ಲಿನ ಅಚ್ಚು) ಇರಬಹುದು, ಡಿಸೈನ್‌ನಲ್ಲಿ ತಪ್ಪಾಗಿ ಗುರುತಿಸಿದ ಮಾರ್ಜಿನ್ (ಕ್ರೌನ್ ಹಲ್ಲಿಗೆ ಕೂಡುವ ಅಂಚು) ಇರಬಹುದು, ಸವೆದ ಬರ್ (ಯಂತ್ರದ ಕೊರೆಯುವ ಮೊನೆ) ಇರಬಹುದು. ಯಾವುದೆಂದು ಪತ್ತೆಯಾಗಬೇಕಾದರೆ ಕ್ರೌನ್ ತಯಾರಾದ ದಿನವೇ ಕೆಲವು ವಿವರಗಳು ಜಾಬ್ ಕಾರ್ಡ್ (ಆ ಕೆಲಸದ ವಿವರ ಬರೆಯುವ ಚೀಟಿ) ಸೇರಿರಬೇಕು.

ಅವುಗಳಲ್ಲಿ ಮೊದಲ ಸ್ಥಾನ ಡಿಸ್ಕ್‌ನ, ಅಂದರೆ ಕ್ರೌನ್ ಕೊರೆಯುವ ಜಿರ್ಕೋನಿಯಾ ಬಿಲ್ಲೆಯ, ಲಾಟ್ (ತಯಾರಿಕೆಯ ಬ್ಯಾಚ್) ಸಂಖ್ಯೆಗೆ. ಸಿಂಟರಿಂಗ್ ಆಗುವಾಗ, ಅಂದರೆ ಕುಲುಮೆಯಲ್ಲಿ ಕಾದು ಗಟ್ಟಿಯಾಗುವಾಗ, ಜಿರ್ಕೋನಿಯಾ ಉದ್ದ, ಅಗಲ, ಎತ್ತರ ಮೂರರಲ್ಲೂ ಸುಮಾರು ಐದನೇ ಒಂದು ಭಾಗ ಕುಗ್ಗುತ್ತದೆ. ಆದ್ದರಿಂದ ಯಂತ್ರ ಅದನ್ನು ಮೊದಲೇ ದೊಡ್ಡದಾಗಿ ಕೊರೆಯುತ್ತದೆ. ಎಷ್ಟು ದೊಡ್ಡದು ಎಂಬ ಅಂಕಿಯನ್ನು ತಯಾರಕರು ಲೇಬಲ್‌ನಲ್ಲಿ ಕೊಡುತ್ತಾರೆ, ಲಾಟ್ ಬದಲಾದರೆ ಅದೂ ಬದಲಾಗಬಹುದು. 1.25 ಎಂದಿರುವ ಡಿಸ್ಕ್ ಹಾಕಿ, ಸಾಫ್ಟ್‌ವೇರ್‌ನಲ್ಲಿ ಹಿಂದಿನ ಡಿಸ್ಕ್‌ನ 1.23 ಹಾಗೆಯೇ ಉಳಿದರೆ, 10 ಮಿಲಿಮೀಟರ್ ಆಗಬೇಕಾದ ಕ್ರೌನ್ ಕುಲುಮೆಯಿಂದ 9.84 ಮಿಲಿಮೀಟರ್ ಆಗಿ ಹೊರಬರುತ್ತದೆ. ಕೈಯಲ್ಲಿ ಹಿಡಿದು ನೋಡಿದರೆ ಏನೂ ಗೊತ್ತಾಗುವುದಿಲ್ಲ, ಹಲ್ಲಿನ ಮೇಲೆ ಮಾತ್ರ ಕೂರುವುದಿಲ್ಲ. ಆ ಡಿಸ್ಕ್‌ನಿಂದ ತೆಗೆದ ಎಲ್ಲ ಕ್ರೌನ್‌ಗಳಿಗೂ ಇದೇ ಗತಿ. ಆದರೆ ಅವು ಬೇರೆ ಬೇರೆ ಕ್ಲಿನಿಕ್‌ಗಳಿಂದ, ಬೇರೆ ಬೇರೆ ದಿನ, ಬಿಡಿಬಿಡಿಯಾಗಿ ವಾಪಸ್ ಬರುತ್ತವೆ. ಡಿಸ್ಕ್‌ನ ಗುರುತು ಬರೆದಿರದಿದ್ದರೆ ಅವುಗಳ ನಂಟು ಯಾರಿಗೂ ಹೊಳೆಯದು. ಒಂದೇ ಲಾಟ್‌ನ ಹಲವು ಡಿಸ್ಕ್‌ಗಳಿದ್ದರೆ ಪ್ರತಿಯೊಂದಕ್ಕೂ ನೀವೇ ಮಾರ್ಕರ್‌ನಿಂದ ಒಂದು ಕ್ರಮಸಂಖ್ಯೆ ಹಾಕಿಕೊಳ್ಳಿ.

ಬರ್ ಎಷ್ಟು ಯೂನಿಟ್ (ಒಂದು ಹಲ್ಲು ಒಂದು ಯೂನಿಟ್) ಕೊರೆದಿದೆ, ಯಾವ ಯಂತ್ರ, ಕುಲುಮೆಯ ಯಾವ ಪ್ರೋಗ್ರಾಂ, ಡಿಸೈನ್ ಯಾರದು ಎಂಬುದನ್ನೂ ಬರೆಯಿರಿ. ರೀಮೇಕ್ ಪ್ರಮಾಣವನ್ನು ಕೇಸ್‌ಗಳ (ಡಾಕ್ಟರ ಒಂದೊಂದು ಆರ್ಡರ್‌ನ) ಬದಲು ಯೂನಿಟ್‌ಗಳ ಮೇಲೆ ಲೆಕ್ಕ ಹಾಕಿ. ಪ್ರತಿ ರೀಮೇಕನ್ನೂ ವಾಪಸ್ ಬಂದ ತಿಂಗಳ ಖಾತೆಗಲ್ಲ, ಮೊದಲು ತಯಾರಾದ ತಿಂಗಳ ಖಾತೆಗೆ ಸೇರಿಸಿ.

ಲ್ಯಾಬ್‌ನೊಳಗೇ ಸಿಕ್ಕಿಬಿದ್ದ ತಪ್ಪುಗಳಿಗೆ, ಅಂದರೆ ಚಿಪ್ ಆದ ಮಾರ್ಜಿನ್, ಬಿರುಕು ಬಿಟ್ಟ ಬ್ರಿಡ್ಜ್ (ಒಂದಕ್ಕೊಂದು ಜೋಡಿಸಿದ ಹಲ್ಲುಗಳ ಸಾಲು) ಇಂಥವಕ್ಕೆ, ಪ್ರತ್ಯೇಕ ಪುಟ ಇಡಿ. ದಯವಿಟ್ಟು ಇವುಗಳಿಗಾಗಿ ಯಾರ ಸಂಬಳವನ್ನೂ ಕಡಿಯಬೇಡಿ. ಕಡಿದ ಮರುದಿನದಿಂದ ಒಡೆದ ಕ್ರೌನ್‌ಗಳು ಸದ್ದಿಲ್ಲದೆ ಕಸದ ಬುಟ್ಟಿ ಸೇರುತ್ತವೆ, ಪುಟ ಖಾಲಿ ಉಳಿಯುತ್ತದೆ, ನೀವು ಎಲ್ಲವೂ ಸರಿಯಿದೆ ಎಂದುಕೊಳ್ಳುತ್ತೀರಿ. ತಪ್ಪನ್ನು ತಾನೇ ಬಂದು ಹೇಳುವ ಟೆಕ್ನಿಷಿಯನ್‌ಗಿಂತ ದೊಡ್ಡ ಆಸ್ತಿ ಲ್ಯಾಬ್‌ಗೆ ಬೇರೊಂದಿಲ್ಲ.

ವಾರಕ್ಕೊಮ್ಮೆ ಪಟ್ಟಿಯನ್ನು ಮೊದಲು ಡಿಸ್ಕ್‌ವಾರು, ನಂತರ ಬರ್‌ವಾರು, ಕೊನೆಗೆ ಡಾಕ್ಟರ್‌ವಾರು ವಿಂಗಡಿಸಿ. ಒಂದೇ ಡಿಸ್ಕ್‌ನ ಎರಡು ಮೂರು ಕ್ರೌನ್‌ಗಳ ಮೇಲೆ ಒಂದೇ ದೂರು ಕಂಡರೆ, ಅದರ ಉಳಿದ ಕ್ರೌನ್‌ಗಳು ಹೋಗಿರುವ ಕ್ಲಿನಿಕ್‌ಗಳಿಗೆ ಅಂದೇ ಫೋನ್ ಮಾಡಿ, ರೋಗಿ ಬಂದು ಕುರ್ಚಿಯಲ್ಲಿ ಕೂರುವ ಮೊದಲೇ.